ಒಂದು ಕೊಡ ನೀರಿನ ಹಗೆ

ಪಿಯದಾಸ ಸತ್ತ ಸುದ್ದಿ ಬಂದ ದಿನ ನಾನು ಶಾವಿಗೆ ಪಾಯಸ ಮಾಡಿದೆ. ದ್ರಾಕ್ಷಿ, ಗೋಡಂಬಿ ಕೈ ಬಿಚ್ಚಿ ಹಾಕಿದೆ. ಸಂಜೆ ಕೆಲಸದಿಂದ ಬಂದ ಗಂಡ ರಘು ಪಾತ್ರೆಯ ಮುಚ್ಚಳ ತೆಗೆದು, "ಏನೇ ಇವತ್ತು ಸ್ಪೆಷಲ್ಲು?" ಅಂದ. ಹೇಳಿದೆ. ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಸತ್ತೋರ ಮೇಲೆ ಎಂಥ ದ್ವೇಷ ಮಾರಾಯ್ತಿ? ಅದೂ ಯಾವ್ದೋ ದೇಶದ ನಾಟಕದವನು. ನಿಂಗೂ ಅವನಿಗೂ ಏನು ಸಂಬಂಧ?"

ಇಷ್ಟೆಲ್ಲ ಹೇಳಿ ಎರಡು ಬಟ್ಟಲು ತಿಂದ. ಆಮೇಲೆ ನಾನು ಶ್ರೀಲಂಕಾಕ್ಕೆ ಫೋನ್ ಮಾಡಿ ಸೀಲಕ್ಕನಿಗೂ ಪಾಯಸದ ವಿಷಯ ಹೇಳಿದೆ. ಅವರು "ಏಲಕ್ಕಿ ಹಾಕಿದೆಯಾ?" ಎಂದಷ್ಟೇ ಕೇಳಿದರು.

ಮರುದಿನ ಬೆಳಿಗ್ಗೆ ಇನ್ಶೂರೆನ್ಸ್ ಕಾಗದಕ್ಕಾಗಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆಗೆದರೆ ಕರ್ಪೂರ, ಲವಂಗದ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಸೀಲಕ್ಕ ಮಂಡಿಗೆ ಹಚ್ಚುತ್ತಿದ್ದ ಹಸಿರು ಮುಲಾಮಿನ ಡಬ್ಬಿ ಅಲ್ಲೇ ಇತ್ತು. ಮುಚ್ಚಳ ಸಡಿಲವಾಗಿ ಒಳಗಿದ್ದದ್ದು ಒಣಗಿಹೋಗಿತ್ತು, ವಾಸನೆ ಮಾತ್ರ ಹಾಗೇ ಉಳಿದಿತ್ತು. ಕಾರು ಸ್ಟಾರ್ಟ್ ಮಾಡದೆ ಕೂತೆ. ಆ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು.

ನಾವಿರುವ ಈ ಪರದೇಶದ ಮಳೆ ನಮ್ಮ ಗಂಗೊಳ್ಳಿಯ ಮಳೆಯ ಹಾಗೆ ಗುಡುಗಿ, ಹೊಡೆದು, ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಗೊಣಗಲು ಶುರು ಮಾಡಿದರೆ ಏಪ್ರಿಲ್‌ವರೆಗೂ ಗೊಣಗುತ್ತಲೇ ಇರುತ್ತದೆ. ಆ ಅಕ್ಟೋಬರಿನಲ್ಲಿ ನನ್ನ ಕೆಲಸ ಹೋಗಿತ್ತು. ಊರ ನಡುವಿನ ಡೆನ್ನಿ ಟ್ರಯಾಂಗಲಿನ ಒಂದು ಕಟ್ಟಡದಲ್ಲಿ ಹನ್ನೊಂದು ವರ್ಷ ದುಡಿದವಳನ್ನು ಹದಿನೈದು ನಿಮಿಷದ ಮೀಟಿಂಗಿನಲ್ಲಿ ತೆಗೆದರು. ತೆಗೆದದ್ದು ಸಾಲದು ಅಂತ ಆರು ವಾರ ಕೂತು ಕೆಟಿ ಕೊಟ್ಟು ಹೋಗು ಅಂದರು. ಅಂದರೆ ನನಗೆ ಗೊತ್ತಿರುವುದನ್ನೆಲ್ಲ ನನ್ನ ಜಾಗಕ್ಕೆ ಬರುವವನ ತಲೆಗೆ ತುಂಬಬೇಕು. ಅವನು ಎದುರು ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ, ಒಂದನ್ನು ಬಿಟ್ಟು. ತಿಂಗಳ ಕೊನೆಯ ದಿನ ಭಾನುವಾರ ಬಿದ್ದರೆ ಒಂದು ಪ್ರೋಗ್ರಾಮನ್ನು ಕೈಯಾರೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಎಲ್ಲವೂ ಮಗುಚಿ ಬೀಳುತ್ತದೆ. ಅದನ್ನು ನಾನು ಬಾಯಲ್ಲೂ ಹೇಳಲಿಲ್ಲ, ಎಲ್ಲೂ ಬರೆಯಲೂ ಇಲ್ಲ.

ಕೆಲಸ ಹೋದ ಮೇಲೆ ಹಗಲೆಲ್ಲ ರೆಂಟನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಒಂದು ದಿನ ಮಧ್ಯಾಹ್ನ ಕೆಳಗಿನ ಮನೆಯಿಂದ ಒಣಮೀನು ಹುರಿಯುವ ವಾಸನೆ ಬಂತು, ಅದೂ ತೆಂಗಿನೆಣ್ಣೆಯಲ್ಲಿ. ನನ್ನ ಕಾಲುಗಳು ನನ್ನನ್ನು ಕೇಳದೆ ಮೆಟ್ಟಿಲು ಇಳಿದವು. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಎತ್ತರದ ಹೆಂಗಸು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ಮೈಯಿಂದ ಮುಲಾಮಿನ ವಾಸನೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರು, ಏನು ಅಂತ ಕೇಳದೆ, "ಅನ್ನ ಆಗಿದೆ, ಕೂತುಕೋ" ಅಂದರು. ಅವರೇ ಸೀಲಾವತಿ. ಮಗಳು ಆಸ್ಪತ್ರೆಯಲ್ಲಿ ನರ್ಸು, ಹಗಲು ಮನೆಯಲ್ಲಿ ಇರುತ್ತಿರಲಿಲ್ಲ. ಅಕ್ಕ ಅನ್ನುವ ಮಾತು ಸಿಂಹಳದಲ್ಲೂ ಅಕ್ಕನೇ. ನನ್ನನ್ನು ಅವರು ನಂಗಿ ಅನ್ನುತ್ತಿದ್ದರು, ಅಂದರೆ ತಂಗಿ. ನಾವು ಮಾತಾಡುತ್ತಿದ್ದದ್ದು ಹರಕು ಮುರುಕು ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ.

ಅವರು ನಟಿ ಎಂದು ನನಗೆ ಗೊತ್ತಾದದ್ದು ಮೂರನೆಯ ವಾರ. ಇಲ್ಲಿಯ ಸಿಂಹಳ ಸಂಘದವರು ಮನೆಗೆ ಬಂದು, ಮಾರ್ಚಿನಲ್ಲಿ ಕೊಲಂಬೋದ ದೊಡ್ಡ ನಾಟಕಕಾರ ಪಿಯದಾಸ ಬರುತ್ತಿದ್ದಾರೆ, ಅವರ ಸನ್ಮಾನ ಇದೆ, ಅವರ ಹೆಸರುವಾಸಿ ನಾಟಕದ ಒಂದು ದೃಶ್ಯವನ್ನು ನಮ್ಮ ಹುಡುಗಿಯೊಬ್ಬಳು ಆಡಬೇಕು, ನೀವು ಹಳೆಯ ಕಾಲದವರು, ಸ್ವಲ್ಪ ಹೇಳಿಕೊಡಿ ಎಂದು ಕೇಳಿದರು. ಸೀಲಕ್ಕ ಆಗಲಿ ಅಂದರು. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು ನನ್ನ ಮುಂದೆ ಕೂತು, "ಆ ನಾಟಕವನ್ನು ನಾನು ಒಂಬತ್ತು ವರ್ಷ ಆಡಿದ್ದೇನೆ, ನಂಗಿ. ಇವರಿಗೆ ಅದು ಗೊತ್ತೂ ಇಲ್ಲ" ಅಂದರು.

ನಾಟಕದ ಕಥೆ ಚಿಕ್ಕದು. ರಾಜನೊಬ್ಬ ದೊಡ್ಡ ಕೆರೆ ಕಟ್ಟಿಸುತ್ತಾನೆ. ಕೆಲಸದಲ್ಲಿ ಸತ್ತ ಒಬ್ಬ ಕೂಲಿಯವನನ್ನು ಏರಿಯ ಮಣ್ಣಿನೊಳಗೇ ಮುಚ್ಚಿಬಿಡುತ್ತಾರೆ. ಕೆರೆ ತುಂಬಿದ ದಿನ ಅವನ ಹೆಂಡತಿ ಮೊದಲ ಕೊಡ ನೀರು ತುಂಬಿಕೊಂಡು ಅರಮನೆಗೆ ಬರುತ್ತಾಳೆ. ರಂಗದ ಅಂಚಿನಿಂದ ಸಿಂಹಾಸನದವರೆಗೆ ಹತ್ತೊಂಬತ್ತು ಹೆಜ್ಜೆ, ಹೆಜ್ಜೆಗೊಂದು ಮದ್ದಳೆಯ ಪೆಟ್ಟು. ಕೊಡವನ್ನು ರಾಜನ ಮುಂದಿಟ್ಟು "ಕುಡಿ" ಅನ್ನುತ್ತಾಳೆ. ಅಷ್ಟೇ ಮಾತು.

ಗಾಲ್ ಪಟ್ಟಣದ ಹತ್ತಿರ ಸೀಲಕ್ಕನ ಅಪ್ಪನದು ಟೈಲರ್ ಅಂಗಡಿ. ಊರಿಗೆ ಬಂದ ನಾಟಕದವರ ಬಟ್ಟೆ ಹೊಲಿದುಕೊಡಲು ಹೋದ ಹುಡುಗಿ, ನಟಿಗೆ ಜ್ವರ ಬಂದ ದಿನ ರಂಗ ಹತ್ತಿ ಮತ್ತೆ ಇಳಿಯಲಿಲ್ಲ. ಒಂಬತ್ತು ವರ್ಷ ಬಸ್ಸಿನಲ್ಲಿ ಬಟ್ಟೆಪೆಟ್ಟಿಗೆಯ ಮೇಲೆ ಮಲಗಿ ದೇಶವೆಲ್ಲ ಸುತ್ತಿದರು. ಆಮೇಲೆ ಆ ನಾಟಕ ಸಿನಿಮಾ ಆಯಿತು. ಪಿಯದಾಸ ಪಾತ್ರವನ್ನು ನಿರ್ಮಾಪಕರು ತಂದ ಚೆಲುವೆಗೆ ಕೊಟ್ಟ. ಕೊಟ್ಟು, ಸೀಲಕ್ಕನನ್ನು ಕರೆಸಿ, "ನಿನ್ನ ನಡಿಗೆಯನ್ನು ಅವಳಿಗೆ ಕಲಿಸು" ಅಂದ. ಮೂರು ತಿಂಗಳು ಕಲಿಸಿದ್ದಕ್ಕೆ ಪರದೆಯ ಮೇಲೆ ಹೆಸರೂ ಹಾಕಲಿಲ್ಲ. ಒಂದು ಮಾತು ತಿರುಗಿ ಆಡಿದ್ದಕ್ಕೆ, ಸೀಲಾ ಜಗಳಗಂಟಿ ಎಂದು ಊರೆಲ್ಲ ಸಾರಿದ. ಇಪ್ಪತ್ತೆಂಟಕ್ಕೇ ಸೀಲಕ್ಕ ಸಿನಿಮಾದಲ್ಲಿ ತನಗಿಂತ ದೊಡ್ಡ ಹೀರೋಗಳ ತಾಯಿಯಾದರು. ಕೊನೆಗೆ ಟಿವಿಯಲ್ಲಿ ಸೊಸೆಯನ್ನು ಕಾಡುವ ಅತ್ತೆ. ಬಸ್ಸಿನಲ್ಲಿ ಹೆಂಗಸರು ಗುರುತು ಹಿಡಿದು ಬೈಯುತ್ತಿದ್ದರಂತೆ.

"ನನಗೆ ಹಣ ಬೇಡ, ಹಾರ ಬೇಡ," ಅಂದರು ಸೀಲಕ್ಕ. "ಆ ಹತ್ತೊಂಬತ್ತು ಹೆಜ್ಜೆ ಯಾರವು ಅಂತ ಅವನು ಅವನ ಬಾಯಿಂದಲೇ, ನಾಲ್ಕು ಜನರ ಎದುರು ಹೇಳಬೇಕು. ಅದಿಲ್ಲದೆ ನಾನು ಸಾಯುವುದಿಲ್ಲ."

ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರು ಕೊಡುತ್ತಾರೆ? ಪಾತ್ರ ಮಾಡುವವಳು ನೇತ್ಮಿ ಎಂಬ ಹುಡುಗಿ, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ವಾರಕ್ಕೆರಡು ಸಲ ಸೀಲಕ್ಕನನ್ನು ಯೂನಿವರ್ಸಿಟಿ ಡಿಸ್ಟ್ರಿಕ್ಟಿಗೆ ಕರೆದುಕೊಂಡು ಹೋಗುವ ಡ್ರೈವರು ನಾನೇ. ಹೊರಡುವ ಮೊದಲು ಕಾರಿನಲ್ಲಿ ಕೂತು ಅವರು ಮಂಡಿಗೆ ಮುಲಾಮು ಹಚ್ಚುತ್ತಿದ್ದರು. ಕಿಟಕಿ ಇಳಿಸೋಣವೆಂದರೆ ಮಳೆ, ಏರಿಸಿದರೆ ಕಣ್ಣಲ್ಲಿ ನೀರು. ನನ್ನ ಮಗಳಿಗೆ ಈ ಸಂಚೆಲ್ಲ ಹೇಳಿದರೆ, "ಅಮ್ಮಾ, ದಟ್ಸ್ ಸೋ ಪೆಟ್ಟಿ" ಅಂದಳು. ಹೌದು, ಪೆಟ್ಟಿಯೇ, ಸಣ್ಣತನವೇ. ಹನ್ನೊಂದು ವರ್ಷ ದುಡಿದು ನೋಡು, ಆಮೇಲೆ ಮಾತಾಡು ಅಂದೆ.

ಜನವರಿಯ ಮೊದಲ ವಾರ ನನ್ನ ಹಳೆಯ ಸಹೋದ್ಯೋಗಿ ಕವಿತಾ ಫೋನ್ ಮಾಡಿದಳು. ಕಾರು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತಿತ್ತು, ಸೀಲಕ್ಕ ಪಕ್ಕದಲ್ಲಿದ್ದರು.

"ನಿಂಗೆ ಗೊತ್ತಾ? ಆ ಭಾನುವಾರದ ಪ್ರಾಬ್ಲಮ್ ಬಂತಲ್ಲ, ನಿನ್ನ ಜಾಗಕ್ಕೆ ಬಂದವನು ರಜೆಯಲ್ಲೂ ಕೂತು ಅದನ್ನ ಪೂರ್ತಿ ಆಟೊಮೇಟ್ ಮಾಡ್ಬಿಟ್ಟ ಕಣೇ. ಎಲ್ಲಾರಿಗೂ ಮೇಲ್ ಹಾಕಿ ಹೊಗಳಿದಾರೆ. ಪ್ರಮೋಷನ್ ಗ್ಯಾರಂಟಿ."

ಫೋನ್ ಇಟ್ಟು ನಾನು ಸ್ಟೀರಿಂಗ್ ಹೊಡೆದೆ. ನಮ್ಮೂರಿನ ಮೀನು ಮಾರ್ಕೆಟ್ಟಿನಲ್ಲಿ ಕಲಿತ ಬೈಗುಳವೆಲ್ಲ ಬಂತು. ಸೀಲಕ್ಕ ಏನಾಯಿತೆಂದು ಕೇಳಿದರು. ಮುಚ್ಚಿಟ್ಟ ಕಥೆಯನ್ನೆಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರು ನಗಲು ಶುರು ಮಾಡಿದ್ದರು. ಕೆಮ್ಮು ಬರುವವರೆಗೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಬೈಯಬೇಡ," ಅಂದರು ಕಣ್ಣೊರೆಸಿಕೊಳ್ಳುತ್ತ. "ನಾನೂ ಅದನ್ನೇ ಮಾಡಿದ್ದು. ನೀನು ಭಾನುವಾರ ಬಿಟ್ಟೆ, ನಾನು ನೀರು ಬಿಟ್ಟೆ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಎಲ್ಲರೂ ರಂಗದ ಮೇಲೆ ಖಾಲಿ ಕೊಡ ಹಿಡಿಯುತ್ತಾರೆ. ಸೀಲಕ್ಕ ಮಾತ್ರ ಪ್ರತಿ ಆಟಕ್ಕೂ ಕೊಡವನ್ನು ಕಂಠದವರೆಗೆ ತುಂಬಿಸಿಕೊಳ್ಳುತ್ತಿದ್ದರು. ತುಂಬಿದ ಕೊಡ ಎದೆಗವುಚಿಕೊಂಡವಳು ಬಗ್ಗುವ ಹಾಗಿಲ್ಲ, ಬಗ್ಗಿದರೆ ಚೆಲ್ಲುತ್ತದೆ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕಣ್ಣು ರಾಜನ ಮೇಲೇ ನಿಲ್ಲುತ್ತದೆ, ಕಾಲು ನೆಲವನ್ನು ತಡವಿ ಹಿಮ್ಮಡಿ ಮದ್ದಳೆಯ ಪೆಟ್ಟಿಗಿಂತ ಚೂರು ತಡವಾಗಿ ಬೀಳುತ್ತದೆ. ಆ ನಡಿಗೆಯ ಗುಟ್ಟು ಇಷ್ಟೇ. ಪಿಯದಾಸನಿಗೂ ಇದು ಗೊತ್ತಿತ್ತು, ರಂಗ ಒದ್ದೆಯಾಗುತ್ತದೆಂದು ಒಂಬತ್ತು ವರ್ಷ ಗೊಣಗಿದ್ದ. ಆ ಚೆಲುವೆಗೆ ಕಲಿಸುವಾಗ ಸೀಲಕ್ಕ ಬೇಕೆಂದೇ ಖಾಲಿ ಕೊಡ ಕೊಟ್ಟರು. ಭಾರ ಇರುವ ಹಾಗೆ ತಲೆ ತಗ್ಗಿಸಿ ನಡಿ, ಕೊನೆಯ ಹೆಜ್ಜೆಗೆ ಮುಖ ಎತ್ತು ಎಂದು ಸುಳ್ಳು ಕಲಿಸಿದರು. ಅವಳು ಎಲ್ಲರೆದುರು ನಗೆಗೀಡಾಗಲಿ ಅಂತ.

"ಆಮೇಲೆ?"

"ಆಮೇಲೇನು? ಆ ಮುಖ ಎತ್ತಿದ್ದನ್ನು ಕ್ಯಾಮೆರಾ ಹತ್ತಿರದಿಂದ ಹಿಡಿಯಿತು. ದೇಶವೆಲ್ಲ ಅತ್ತಿತು. ಅವಳಿಗೆ ಪ್ರಶಸ್ತಿ ಬಂತು. ಅದು ತನ್ನ ಕಲ್ಪನೆ ಅಂತ ಪಿಯದಾಸ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಈಗ ಶಾಲೆಯ ಮಕ್ಕಳೂ ಹಾಗೇ ನಡೆಯುತ್ತವೆ. ಸರಿಯಾದದ್ದು ನನ್ನೊಬ್ಬಳ ಹತ್ತಿರ ಉಳಿದಿದೆ, ಅದಕ್ಕೆ ಸಾಕ್ಷಿಯೂ ಇಲ್ಲ." ಮುಂದಿನ ಕಾರು ಕದಲಿತು. "ಈ ಸಲ ಏನನ್ನೂ ಬಿಡುವುದಿಲ್ಲ, ನಂಗಿ. ಸಿಂಹಾಸನದಲ್ಲಿ ಅವನನ್ನೇ ಕೂರಿಸುತ್ತಾರಂತೆ. ಆ ಹುಡುಗಿ ಹತ್ತೊಂಬತ್ತು ಹೆಜ್ಜೆಯೂ ಅವನ ಕಣ್ಣಲ್ಲಿ ಕಣ್ಣಿಟ್ಟು ನಡೆಯಬೇಕು."

ಮರುದಿನವೇ ತಾಲೀಮಿಗೆ ವತುರ ಬಂತು. ವತುರ ಅಂದರೆ ಅವರ ಭಾಷೆಯಲ್ಲಿ ನೀರು, ಆ ಚಳಿಗಾಲ ನಾನು ಕಲಿತ ಮೊದಲ ಸಿಂಹಳ ಪದ. ನೇತ್ಮಿ ಬಟ್ಟೆ ಒದ್ದೆ ಮಾಡಿಕೊಂಡು ಅತ್ತಳು, ತೋಳು ನೋಯುತ್ತದೆ ಅಂದಳು. ಸಿನಿಮಾದ ಹಾಗೆ ಮಾಡುತ್ತೇನೆ, ಜನ ಅದನ್ನೇ ನೋಡಲು ಬರುತ್ತಾರೆ ಅಂದಳು. ಒಂದು ದಿನ ಅವಳನ್ನು ನಾನು ರೆಂಟನ್ನಿಗೆ ಕರೆತಂದೆ. ಸೀಲಕ್ಕ ಮಂಡಿಗೆ ಪಟ್ಟಿ ಕಟ್ಟಿ, ಕೊಡ ತುಂಬಿಸಿ ಎತ್ತಿಕೊಂಡು, ಅಪಾರ್ಟ್‌ಮೆಂಟಿನ ಹೊರಗಿನ ಕಾರಿಡಾರಿನಲ್ಲಿ, ಆ ಬೂದು ಕಾರ್ಪೆಟ್ಟಿನ ಮೇಲೆ ಲಿಫ್ಟಿನಿಂದ ನಮ್ಮ ಕಡೆಗೆ ನಡೆದು ಬಂದರು. ಎದುರು ಮನೆಯ ಬಿಳಿಯ ಮುದುಕ ಕಸದ ಚೀಲ ಹಿಡಿದು ಬಾಗಿಲು ತೆರೆದವನು ಹಾಗೇ ಗೋಡೆಗೆ ಒರಗಿ ದಾರಿ ಬಿಟ್ಟ. ನಾನು ಏನೋ ತಪ್ಪು ಮಾಡಿದ್ದೇನೆ, ಅದನ್ನು ಕೇಳಲು ಇವರು ಬರುತ್ತಿದ್ದಾರೆ ಅನ್ನಿಸಿತು. ಒಂದು ಹನಿಯೂ ಚೆಲ್ಲಲಿಲ್ಲ. ನೇತ್ಮಿ ಆಮೇಲೆ ತಕರಾರು ಮಾಡಲಿಲ್ಲ.

ತಕರಾರು ಮಾಡಿದ್ದು ಸಂಘದ ಅಧ್ಯಕ್ಷ. ಬಾಡಿಗೆಯ ಹಾಲಿನ ನಿಯಮದ ಪ್ರಕಾರ ರಂಗದ ಮೇಲೆ ನೀರು ತರುವ ಹಾಗಿಲ್ಲ, ಖಾಲಿ ಕೊಡವೇ ಇರಲಿ ಎಂದ. ಸೀಲಕ್ಕ ತಲೆಯಾಡಿಸಿದರು. ಖಾಲಿ ಕೊಡವನ್ನು ಅವನ ಕೈಗೇ ಕೊಟ್ಟು, ಹಿಂದೆ ತಿರುಗಿ ನನಗೆ ಕಣ್ಣು ಮಿಟುಕಿಸಿದರು. ಕರಪತ್ರದಲ್ಲಿ ಅವರ ಹೆಸರು ಇರಲಿಲ್ಲ. ತರಬೇತಿಗೆ ಸಹಕರಿಸಿದ ಹಿರಿಯರಿಗೆ ವಂದನೆ ಎಂದಷ್ಟೇ ಇತ್ತು.

ಮಾರ್ಚಿನ ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ನಾನೂ ಸೀಲಕ್ಕನೂ ಪರದೆಯ ಪಕ್ಕದಲ್ಲಿ ನಿಂತು ಇಣುಕುತ್ತಿದ್ದೆವು. ಪಿಯದಾಸ ಬಂದ. ಬಿಳಿ ಜುಬ್ಬ, ಬಿಳಿ ಗಡ್ಡ, ಕಪ್ಪು ಕನ್ನಡಕ. ಮಗಳ ತೋಳು ಹಿಡಿದು ಕಾಲಿನಿಂದ ಮೆಟ್ಟಿಲು ತಡವುತ್ತ ಹತ್ತಿದ. ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ಕೂತ. ಎರಡು ವರ್ಷದಿಂದ ಪೂರ್ತಿ ಕುರುಡಂತೆ. ನಮಗೆ ಯಾರೂ ಹೇಳಿರಲಿಲ್ಲ.

ಸೀಲಕ್ಕ ಒಳಗೆ ಹೋಗಿ ಸ್ಟೂಲಿನ ಮೇಲೆ ಕುಸಿದರು. "ಕಣ್ಣೇ ಇಲ್ಲದವನಿಗೆ ನಾನು ಏನು ತೋರಿಸಲಿ, ನಂಗಿ?"

ನನಗೆ ಕರುಣೆ ಬರಬೇಕಿತ್ತೇನೋ. ಬರಲಿಲ್ಲ. ಇದರಿಂದಲೂ ತಪ್ಪಿಸಿಕೊಂಡನಲ್ಲ ಎಂದು ಮೈ ಉರಿಯಿತು. ಮೈಕು ಕಸಿದುಕೊಂಡು ನಾನೇ ಎಲ್ಲವನ್ನೂ ಹೇಳಿಬಿಡುತ್ತೇನೆ ಅಂದೆ. ಸೀಲಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ. ನೆಲ ನೋಡುತ್ತಿದ್ದರು. ಅತಿಥಿಗೆಂದು ರಂಗದ ಮೇಲೆ ಕೆಂಪು ಜಮಖಾನ ಹಾಸಿದ್ದರು, ಅದರ ಅಂಚು ಒಳಗಿನವರೆಗೆ ಬಂದಿತ್ತು. ಅದನ್ನು ಕಾಲಿನಿಂದ ಒತ್ತಿ ನೋಡಿದರು.

"ಇದನ್ನು ತೆಗಿ," ಅಂದರು.

ಭಾಷಣ ಮುಗಿದು ಪರದೆ ಮುಚ್ಚಿದ ಐದು ನಿಮಿಷದಲ್ಲಿ ನಾವಿಬ್ಬರೂ ಸೇರಿ ಆ ಜಮಖಾನ ಸುರುಳಿ ಸುತ್ತಿದೆವು. ಕೆಳಗೆ ಮರದ ಹಲಗೆ. ನಾನು ಎರಡು ಕಾಫಿ ಫ್ಲಾಸ್ಕು ಹಿಡಿದು ಹೆಂಗಸರ ಟಾಯ್ಲೆಟ್ಟಿಗೆ ನಾಲ್ಕು ಸಲ ಓಡಿ ಕೊಡ ತುಂಬಿಸಿದೆ. ಸೀಲಕ್ಕ ನೇತ್ಮಿಯ ಕಾಲ್ಗೆಜ್ಜೆ ಬಿಚ್ಚಿಸಿದರು. ಮದ್ದಳೆಯವನ ಹತ್ತಿರ ಹೋಗಿ, ಮೆಲ್ಲಗೆ ಬಾರಿಸು, ಹೆಜ್ಜೆ ಮುಚ್ಚಬೇಡ ಅಂದರು.

ಪರದೆ ಎದ್ದಿತು. ನೇತ್ಮಿ ಮೊದಲ ಹೆಜ್ಜೆ ಇಟ್ಟಳು. ಸಿನಿಮಾದ ತಗ್ಗಿದ ತಲೆ ಕಾಣದೆ ಜನ ಗುಸುಗುಸು ಮಾಡಿದರು, ಮೂರು ನಾಲ್ಕು ಹೆಜ್ಜೆಯ ನಂತರ ಸುಮ್ಮನಾದರು. ಮದ್ದಳೆಯ ಪೆಟ್ಟು, ಅದರ ಹಿಂದೆ ಹಿಮ್ಮಡಿ, ಅದರ ಹಿಂದೆ ಕೊಡದೊಳಗೆ ನೀರು ತುಳುಕುವ ಸದ್ದು. ಏಳನೆಯ ಹೆಜ್ಜೆಗೆ ಪಿಯದಾಸನ ತಲೆ ಓರೆಯಾಯಿತು. ಹನ್ನೆರಡಕ್ಕೆ ಕುರ್ಚಿಯ ಕೈ ಹಿಡಿದುಕೊಂಡ. ನೇತ್ಮಿ ಕೊಡ ಮುಂದಿಟ್ಟು "ಕುಡಿ" ಅಂದಾಗ ಅವನು ಕೈ ಚಾಚಿ ಕೊಡದ ಬಾಯಿ ಹುಡುಕಿ ಒಳಗೆ ಅದ್ದಿದ. ಅಂಗಿಗೆ ಮೈಕು ಸಿಕ್ಕಿಸಿದ್ದರಿಂದ ಅವನು ಉಸಿರಿನಷ್ಟೇ ಮೆಲ್ಲಗೆ ಅಂದದ್ದೂ ಹಾಲಿಗೆಲ್ಲ ಕೇಳಿಸಿತು.

"ವತುರ," ಅಂದ. ಆಮೇಲೆ, "ಸೀಲಾ."

ಅದರ ನಂತರ ಅವನು ಹೇಳಿದ್ದನ್ನು ಆಮೇಲೆ ಕಾರಿನವರೆಗೆ ಓಡಿ ಬಂದ ನೇತ್ಮಿ ನನಗೆ ಅನುವಾದ ಮಾಡಿ ಹೇಳಿದಳು. ಈ ನಡಿಗೆ ನನ್ನದಲ್ಲ, ಸಿನಿಮಾದ್ದೂ ಅಲ್ಲ, ಸೀಲಾವತಿಯದು, ಅವಳು ಇಲ್ಲಿದ್ದಾಳೆ, ನನಗೆ ಗೊತ್ತು. ಸೀಲಾ, ಬಾ. ಹೀಗೆಂದು ಒದ್ದೆ ಕೈಯನ್ನು ಮುಂದೆ ಚಾಚಿ ಕೂತಿದ್ದ. ನಾವಿದ್ದದ್ದು ಎಡಕ್ಕೆ, ಅವನು ಕೈ ಚಾಚಿದ್ದು ಬಲಕ್ಕೆ. ಸೀಲಕ್ಕ ಅವನಿಂದ ಆರು ಹೆಜ್ಜೆ ದೂರದಲ್ಲಿದ್ದರು. ನನ್ನ ಮಣಿಕಟ್ಟನ್ನು ಹಿಡಿದಿದ್ದರು, ಉಗುರು ಇಳಿಯುವಷ್ಟು. ನೇತ್ಮಿ ನಮ್ಮ ಕಡೆ ತಿರುಗಿದಾಗ ತುಟಿಯ ಮೇಲೆ ಬೆರಳಿಟ್ಟರು. ಅವನು ಮತ್ತೆ ಎರಡು ಸಲ ಕರೆದ. ಸೀಲಕ್ಕ ಹಿಂದಿನ ಬಾಗಿಲಿನಿಂದ ಮಳೆಗೆ ಇಳಿದರು.

"ಯಾಕೆ ಹೋಗಲಿಲ್ಲ ಅಕ್ಕ?" ಎಂದು ಕಾರಿನಲ್ಲಿ ಕೇಳಿದೆ. ಅವರು ಮುಲಾಮಿನ ಡಬ್ಬಿ ತೆಗೆದು ಮಂಡಿಗೆ ಹಚ್ಚಿಕೊಳ್ಳುತ್ತಿದ್ದರು.

"ಹೋಗಿದ್ದರೆ ನನ್ನ ಕೈ ಹಿಡಿದು ಅಳುತ್ತಿದ್ದ. ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಅದೂ ಅವನದೇ ನಾಟಕ ಆಗುತ್ತಿತ್ತು. ಇಂಥ ನಾಟಕ ಬರೆಯುವುದು ಅವನಿಗೆ ಚೆನ್ನಾಗಿ ಬರುತ್ತದೆ." ಡಬ್ಬಿ ಮುಚ್ಚಿ ಖಾನೆಯೊಳಗೆ ಇಟ್ಟರು. "ಕಾರು ತೆಗಿ."

ಸ್ವಯಂಸೇವಕರ ಪಟ್ಟಿಯಿಂದ ನನ್ನ ನಂಬರು ಪಿಯದಾಸನಿಗೆ ಸಿಕ್ಕಿತ್ತು. ಏಪ್ರಿಲ್ ಪೂರ್ತಿ ಕ್ಯಾಲಿಫೋರ್ನಿಯಾದ ಮಗಳ ಮನೆಯಿಂದ ಫೋನ್ ಮಾಡಿದ. ಇಂಗ್ಲಿಷು ಬಹಳ ಚೆಂದ, ಮಾತು ಬಹಳ ಮೃದು. "ಸೀಲಾ ಅಲ್ಲಿದ್ದಾರಾ ಅಮ್ಮ? ಒಂದು ಸಲ ಕ್ಷಮೆ ಕೇಳಬೇಕು. ನನಗೆ ಹೆಚ್ಚು ದಿನ ಇಲ್ಲ." ಅಂಥವರು ಯಾರೂ ಇಲ್ಲಿಲ್ಲ ಎಂದು ನಾನು ನಾಲ್ಕು ಸಲ ಹೇಳಿದೆ. ಸುಳ್ಳು ಹೇಳುವುದು ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ರಘು, "ಪಾಪ ಕಣೇ, ವಯಸ್ಸಾದೋರು, ಒಂದ್ಸಲ ಮಾತಾಡಿಸಿಬಿಡು" ಅನ್ನುತ್ತಿದ್ದ. ಪಾಪ ಅನ್ನುವ ಮಾತು ಸೀಲಕ್ಕನ ಪಾಲಿಗೆ ಯಾರ ಬಾಯಲ್ಲೂ ಬಂದದ್ದು ನಾನು ಕೇಳಿಲ್ಲ.

ಐದನೆಯ ಸಲ ಫೋನ್ ಬಂದಾಗ ಸೀಲಕ್ಕ ನಮ್ಮ ಅಡುಗೆಮನೆಯಲ್ಲೇ ಇದ್ದರು. ಊರಿಗೆ ವಾಪಸು ಹೋಗಲು ಟಿಕೆಟ್ಟು ಆಗಿತ್ತು, ಕೊನೆಯದಾಗಿ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ನಾನು ಸ್ಪೀಕರ್ ಹಾಕಿದೆ. ಅವನು ಅದೇ ಪ್ರಶ್ನೆ ಕೇಳಿದ. ನಾನು ಬಾಯಿ ತೆರೆಯುವ ಮೊದಲು ಸೀಲಕ್ಕ ಕೈ ಚಾಚಿ ಫೋನ್ ತೆಗೆದುಕೊಂಡರು. ಮಾತಾಡುತ್ತಾರೆ, ಕ್ಷಮಿಸಿಬಿಡುತ್ತಾರೆ ಎಂದು ಹೆದರಿದೆ.

ಅವರು ಸಿಂಕಿನ ಹತ್ತಿರ ಹೋದರು. ಅನ್ನದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು, ಫೋನನ್ನು ಅದರ ಪಕ್ಕದಲ್ಲಿ ಹಿಡಿದು, ನಲ್ಲಿ ತಿರುಗಿಸಿದರು. ನೀರು ತಳಕ್ಕೆ ಬಿದ್ದು, ಏರಿ, ಸದ್ದು ಸಣ್ಣದಾಗುತ್ತ ಕಂಠದವರೆಗೆ ಬಂತು. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಪಾತ್ರೆ ತುಂಬುವವರೆಗೂ ಅವನು ಕೇಳಿಸಿಕೊಂಡ. ತುಂಬಿದ ಮೇಲೆ ಸೀಲಕ್ಕ ನಲ್ಲಿ ನಿಲ್ಲಿಸಿದರು, ಕೆಂಪು ಗುಂಡಿ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು.

"ಅಕ್ಕಿ ಎಲ್ಲಿದೆ?" ಅಂದರು.